ವರದಿಯ ವರದಿ: ಏಜೆಂಟಿನ ಸ್ಮೃತಿ, ಅತಿ-ಆಯಾಮ ಗಣನೆ ಮತ್ತು ಬಂಧನದ ವ್ಯಾಕರಣ

ಸಾರಾಂಶ

ಕೃತಕ ಬುದ್ಧಿಯ ಏಜೆಂಟುಗಳಿಗೆ ಸ್ಮೃತಿಯನ್ನು ಒದಗಿಸಲು ಅತಿ-ಆಯಾಮ ಗಣನೆಯ ತಂತ್ರಾಂಶ ಲೈಬ್ರರಿಗಳನ್ನು ಬಳಸಲು ಸಾಧ್ಯವಿದೆ. ಪ್ರಸ್ತುತ ಲೇಖನವು ಟಾರ್ಚ್‌ಎಚ್‌ಡಿ ಎಂಬ ಲೈಬ್ರರಿಯನ್ನು ಆಧಾರವಾಗಿಟ್ಟುಕೊಂಡು ಅದರ ಮೂಲಕ್ರಿಯೆಗಳನ್ನು ಭಾಷಾವಿಜ್ಞಾನದ ಓದುಗರಿಗೆ ವಿವರಿಸುತ್ತದೆ. ಲೈಬ್ರರಿಯು ತಾನಾಗಿಯೇ ಆರಿಸಿಕೊಳ್ಳುವ ಬಂಧನಕ್ರಿಯೆಯಲ್ಲಿ, ಎರಡು ಬಾಯಿಗಳ ಮೂಲಕ ಬಂದ ವರದಿಯು ಖಚಿತ ಹೇಳಿಕೆಯಾಗಿ ಮಾರ್ಪಡುತ್ತದೆ ಎಂಬುದನ್ನು ಕನ್ನಡದ ಅಧೀನ ಉಪವಾಕ್ಯಗಳ ಮೂಲಕ ತೋರಿಸಲಾಗಿದೆ.

ಕೀಲಿಪದಗಳು: ಅತಿ-ಆಯಾಮ ಗಣನೆ, ಬಂಧನ, ಕಾರಕ, ಅಧೀನ ಉಪವಾಕ್ಯ, ವರದಿಸೂಚಕ, ಏಜೆಂಟ್ ಸ್ಮೃತಿ

1. ಸಮಸ್ಯೆ

ಕೆಳಗಿನ ಎರಡು ವಾಕ್ಯಗಳನ್ನು ಪರಿಶೀಲಿಸಬಹುದು.

(1) ರವಿಯು ಗೌರಿಗೆ ಸಾಲ ಕೊಟ್ಟನು.
(2) ಗೌರಿಯು ರವಿಗೆ ಸಾಲ ಕೊಟ್ಟಳು.

ಇವೆರಡರ ಪದಸಾಮಗ್ರಿ ಬಹುಮಟ್ಟಿಗೆ ಒಂದೇ. ಲಿಂಗವಾಚಕ ಪ್ರತ್ಯಯವನ್ನು ಬಿಟ್ಟರೆ ಇವುಗಳ ನಡುವಣ ವ್ಯತ್ಯಾಸವೆಲ್ಲ ಯಾವ ನಾಮಪದವು ಯಾವ ಸ್ಥಾನವನ್ನು ತುಂಬಿದೆ ಎಂಬುದರಲ್ಲಿದೆ. ಸಾಲ ಕೊಟ್ಟವರಿಗೂ ತೆಗೆದುಕೊಂಡವರಿಗೂ ಅದೇ ಮುಖ್ಯ.

ಇಂದು ಬಳಕೆಯಲ್ಲಿರುವ ಏಜೆಂಟುಗಳು, ಎಂದರೆ ಒಂದು ದೊಡ್ಡ ಭಾಷಾ ಮಾದರಿಯನ್ನು ಕೇಂದ್ರವಾಗಿಟ್ಟುಕೊಂಡು ಕೆಲಸಗಳನ್ನು ಹಂತಹಂತವಾಗಿ ನಿರ್ವಹಿಸುವ ತಂತ್ರಾಂಶಗಳು, ಒಂದು ಸಂಭಾಷಣೆಯಲ್ಲಿ ಕೇಳಿದ್ದನ್ನು ಮುಂದಿನ ಸಂಭಾಷಣೆಗೆ ಒಯ್ಯಬೇಕಾದರೆ ಮಾದರಿಯ ಹೊರಗೆ ಒಂದು ಸ್ಮೃತಿಯನ್ನು ಇಟ್ಟುಕೊಳ್ಳಬೇಕಾಗುತ್ತದೆ. ವಾಡಿಕೆಯ ವಿಧಾನ ಸರಳವಾಗಿದೆ: ಮಾತನ್ನು ತುಣುಕುಗಳಾಗಿ ವಿಂಗಡಿಸಿ, ಪ್ರತಿ ತುಣುಕಿಗೂ ಒಂದು ಸದಿಶವನ್ನು ಪಡೆದು, ಮುಂದೆ ಪ್ರಶ್ನೆ ಬಂದಾಗ ಅದರ ಸದಿಶಕ್ಕೆ ಅತಿ ಸಮೀಪವಿರುವ ತುಣುಕುಗಳನ್ನು ಹೊರತೆಗೆಯುವುದು. ವಿಷಯದ ಸಾಮೀಪ್ಯವನ್ನು ಈ ವಿಧಾನವು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ (1) ಮತ್ತು (2) ಒಂದೇ ವಿಷಯದ ವಾಕ್ಯಗಳಾದ್ದರಿಂದ ಅವುಗಳ ಸದಿಶಗಳೂ ಸಾಮಾನ್ಯವಾಗಿ ಅಕ್ಕಪಕ್ಕದಲ್ಲಿಯೇ ಬೀಳುತ್ತವೆ. ಯಾರು ಯಾರಿಗೆ ಎಂಬುದನ್ನು ನಿರ್ಣಯಿಸುವ ಹೊಣೆ ಮತ್ತೆ ಭಾಷಾ ಮಾದರಿಯ ಮೇಲೆಯೇ ಬೀಳುತ್ತದೆ. ಸ್ಮೃತಿಗೆ ಆ ವ್ಯತ್ಯಾಸ ತಿಳಿದಿಲ್ಲ.

ಪರಿಭಾಷೆಯ ಬಗ್ಗೆ ಒಂದು ಮಾತು ಅಗತ್ಯ. ಇಂಗ್ಲಿಷಿನಲ್ಲಿ ತಂತ್ರಾಂಶಕ್ಕೂ ವಾಕ್ಯದ ಕರ್ತೃವಿಗೂ ಒಂದೇ ಪದ ಬಳಕೆಯಲ್ಲಿದೆ. ಕನ್ನಡದಲ್ಲಿ ನಮಗೆ ಆ ತೊಡಕಿಲ್ಲ. ಇಲ್ಲಿ ‘ಏಜೆಂಟ್’ ಎಂದರೆ ತಂತ್ರಾಂಶ, ‘ಕರ್ತೃ’ ಎಂದರೆ ಕಾರಕ.

2. ಮೂರು ಕ್ರಿಯೆಗಳು

ಸಂಖ್ಯೆಗಳ ಸಾಲೊಂದರಲ್ಲಿ ವಾಕ್ಯರಚನೆಯನ್ನು ಹೇಗೆ ಅಡಗಿಸಬಹುದು ಎಂಬ ಪ್ರಶ್ನೆ ಭಾಷಾವಿಜ್ಞಾನಕ್ಕೆ ಹೊಸದಲ್ಲ. 1988ರಲ್ಲಿ ಜೆರ್ರಿ ಫೋಡರ್ ಮತ್ತು ಜೆನನ್ ಪಿಲಿಶಿನ್ ಅವರು ನರಜಾಲ ಮಾದರಿಗಳ ವಿರುದ್ಧ ಎತ್ತಿದ ಆಕ್ಷೇಪದ ತಿರುಳು ಇದೇ ಆಗಿತ್ತು: ಒಂದು ವಾಕ್ಯವನ್ನು ಗ್ರಹಿಸಬಲ್ಲವನು ಅದರ ಕರ್ತೃ ಮತ್ತು ಕರ್ಮಗಳನ್ನು ಅದಲುಬದಲು ಮಾಡಿದ ವಾಕ್ಯವನ್ನೂ ಗ್ರಹಿಸಬಲ್ಲನು, ಘಟಕರಚನೆಯಿಲ್ಲದ ನಿರೂಪಣೆಗಳು ಈ ಸಾಮರ್ಥ್ಯವನ್ನು ವಿವರಿಸಲಾರವು. ಇದಕ್ಕೆ ಪಾಲ್ ಸ್ಮೊಲೆನ್ಸ್ಕಿ 1990ರಲ್ಲಿ ಉತ್ತರವೊಂದನ್ನು ಪ್ರಕಟಿಸಿದರು. ಸ್ಥಾನಕ್ಕೊಂದು ಸದಿಶ, ಅದನ್ನು ತುಂಬುವ ಪದಕ್ಕೊಂದು ಸದಿಶ. ಇವೆರಡರ ಟೆನ್ಸರ್ ಗುಣಲಬ್ಧವೇ ಬಂಧನ. (ಅಲನ್ ಪ್ರಿನ್ಸ್ ಅವರೊಡನೆ ಆಪ್ಟಿಮಾಲಿಟಿ ಸಿದ್ಧಾಂತವನ್ನು ರೂಪಿಸಿದ ಸ್ಮೊಲೆನ್ಸ್ಕಿ ಇವರೇ. ಧ್ವನಿವಿಜ್ಞಾನದ ತರಗತಿಗಳಲ್ಲಿ ಅವರ ಈ ಕೆಲಸದ ಪ್ರಸ್ತಾಪ ಬರುವುದು ಅಪರೂಪ.) ಉತ್ತರವೇನೋ ಸರಿಯಾಗಿಯೇ ಇತ್ತು, ಆದರೆ ದುಬಾರಿಯದಾಗಿತ್ತು. 100 ಸಂಖ್ಯೆಗಳ ಎರಡು ಸದಿಶಗಳನ್ನು ಬಂಧಿಸಿದರೆ 10,000 ಸಂಖ್ಯೆಗಳಾಗುತ್ತವೆ. ಅದನ್ನು ಇನ್ನೊಂದು ಸ್ಥಾನದೊಳಗೆ ಇರಿಸಿದರೆ 10,00,000. ಉಪವಾಕ್ಯವೊಂದು ಸೇರಿದ ಕೂಡಲೇ ನಿರೂಪಣೆ ಕೈಮೀರಿ ಬೆಳೆಯುತ್ತದೆ.

ಈ ಬೆಳವಣಿಗೆಯನ್ನು ತಡೆದವರು ಟೋನಿ ಪ್ಲೇಟ್. 1995ರ ಲೇಖನದಲ್ಲಿ ಅವರು ಟೆನ್ಸರ್ ಗುಣಲಬ್ಧಕ್ಕೆ ಬದಲಾಗಿ ವೃತ್ತೀಯ ಕಾನ್ವಲ್ಯೂಷನ್ ಎಂಬ ಕ್ರಿಯೆಯನ್ನು ಬಳಸಿದರು. ಅದರ ಫಲಿತವು ಮೂಲ ಸದಿಶಗಳಷ್ಟೇ ಉದ್ದವಾಗಿರುತ್ತದೆ. ಇದೇ ಕಾಲದಲ್ಲಿ, ವಿರಳ ಹಂಚಿಕೆಯ ಸ್ಮೃತಿಯ ಕುರಿತು 1988ರಲ್ಲಿಯೇ ಪುಸ್ತಕ ಬರೆದಿದ್ದ ಪೆಂಟಿ ಕನೆರ್ವ ಅವರು 0 ಮತ್ತು 1ಗಳ ದೀರ್ಘ ಸಾಲುಗಳಲ್ಲಿ ಅದೇ ಕೆಲಸವನ್ನು ಮಾಡಿ ತೋರಿಸಿದರು. ‘ಅತಿ-ಆಯಾಮ ಗಣನೆ’ ಎಂಬ ಹೆಸರು ರೂಢಿಗೆ ಬರಲು ಕನೆರ್ವ ಅವರ 2009ರ ಪರಿಚಯ ಲೇಖನ ಮುಖ್ಯ ಕಾರಣ. ರಾಸ್ ಗೇಲರ್ ಅವರು 2003ರಲ್ಲಿ, ರೇ ಜಾಕೆಂಡಾಫ್ ಅವರು ಭಾಷೆಯ ನರವಿಜ್ಞಾನದ ಮುಂದಿಟ್ಟಿದ್ದ ನಾಲ್ಕು ಸವಾಲುಗಳಿಗೆ ಈ ಬಗೆಯ ಸದಿಶವ್ಯವಸ್ಥೆಗಳು ಉತ್ತರವಾಗಬಲ್ಲವೆಂದು ವಾದಿಸಿದರು. ಈ ಕ್ಷೇತ್ರವು ಹುಟ್ಟಿನಿಂದಲೇ ಭಾಷೆಯ ಪ್ರಶ್ನೆಗಳೊಡನೆ ಬೆಳೆದುಬಂದಿದೆ.

ಟಾರ್ಚ್‌ಎಚ್‌ಡಿ ಎಂಬುದು ಪೈಟಾರ್ಚ್ ಮೇಲೆ ಕಟ್ಟಲಾದ, ಪೈಥಾನ್ ಭಾಷೆಯ ಮುಕ್ತ ಲೈಬ್ರರಿ. ಅದನ್ನು ವಿವರಿಸುವ ಲೇಖನವು 2023ರಲ್ಲಿ ಯಂತ್ರಕಲಿಕೆಯ ಪ್ರಮುಖ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಏಜೆಂಟಿನ ಸ್ಮೃತಿಗೆಂದೇ ಅದನ್ನು ರಚಿಸಲಾಗಿಲ್ಲ, ಆದರೆ ಅದಕ್ಕೆ ಬೇಕಾದ ಸಲಕರಣೆಗಳೆಲ್ಲ ಅದರಲ್ಲಿವೆ. ನಮ್ಮ ಉದ್ದೇಶಕ್ಕೆ ಸಾಕಾಗುವವು ಯಾದೃಚ್ಛಿಕ ಸದಿಶಗಳನ್ನು ಸೃಷ್ಟಿಸುವ ‘ರ್‍ಯಾಂಡಮ್’, ಬಂಧಿಸುವ ‘ಬೈಂಡ್’, ಒಟ್ಟುಗೂಡಿಸುವ ‘ಬಂಡಲ್’, ಸ್ಥಾನಪಲ್ಲಟ ಮಾಡುವ ‘ಪರ್ಮ್ಯೂಟ್’ ಮತ್ತು ಸಾದೃಶ್ಯವನ್ನು ಅಳೆಯುವ ಕೊಸೈನ್. ಯಾವ ಬಗೆಯ ಸದಿಶವ್ಯವಸ್ಥೆ ಬೇಕೆಂದು ಬಳಕೆದಾರರು ಸೂಚಿಸಬಹುದು. ಏನನ್ನೂ ಸೂಚಿಸದಿದ್ದರೆ ಲೈಬ್ರರಿಯು ಆರಿಸಿಕೊಳ್ಳುವುದು ‘ಮ್ಯಾಪ್’ ಎಂಬ ವ್ಯವಸ್ಥೆಯನ್ನು. ಈ ಸಣ್ಣ ವಿವರವು ಐದನೆಯ ಭಾಗದಲ್ಲಿ ಮಹತ್ವ ಪಡೆಯುತ್ತದೆ.

ಮ್ಯಾಪ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಮೂಲ ಸದಿಶವೂ +1 ಮತ್ತು −1ಗಳ ಯಾದೃಚ್ಛಿಕ ಸಾಲು. ಉದ್ದ ವಾಡಿಕೆಯಂತೆ 10,000. ಬಂಧನವೆಂದರೆ ಅನುಕ್ರಮವಾಗಿ ಗುಣಿಸುವುದು. ಎಂಟೇ ಸ್ಥಾನಗಳಿದ್ದರೆ ಕಾಗದದ ಮೇಲೆಯೇ ಮಾಡಿ ನೋಡಬಹುದು:

ಕರ್ತೃ = (+ − − + + − + −)
ರವಿ = (− − + + − + + −)
ಕರ್ತೃ ⊗ ರವಿ = (− + − + − − + +)

ಈ ಮೂರನೆಯ ಸಾಲು ಮೊದಲೆರಡರಲ್ಲಿ ಯಾವುದನ್ನೂ ಹೋಲುವುದಿಲ್ಲ. ಆದರೆ ಅದನ್ನು ಮತ್ತೊಮ್ಮೆ ‘ಕರ್ತೃ’ವಿನಿಂದ ಗುಣಿಸಿದರೆ ‘ರವಿ’ ಯಥಾವತ್ತಾಗಿ ಮರಳುತ್ತದೆ. ಯಾವುದೇ ಸದಿಶವನ್ನು ಅದರಿಂದಲೇ ಗುಣಿಸಿದಾಗ ಎಲ್ಲೆಡೆ +1 ಬರುವುದೇ ಇದಕ್ಕೆ ಕಾರಣ. ಬಂಧಿಸುವ ಕೀಲಿಯೇ ಬಿಡಿಸುವ ಕೀಲಿ.

ಒಟ್ಟುಗೂಡಿಸುವುದೆಂದರೆ ಬರಿಯ ಸಂಕಲನ. ಬಂಧನದ ಫಲಿತವು ತನ್ನ ಘಟಕಗಳನ್ನು ಹೋಲುವುದಿಲ್ಲ. ಸಂಕಲನದ ಫಲಿತವು ತನ್ನ ಎಲ್ಲ ಘಟಕಗಳನ್ನೂ ಅಷ್ಟಿಷ್ಟು ಹೋಲುತ್ತದೆ. ಮೂರನೆಯದಾದ ಪಲ್ಲಟವು ಸಾಲಿನ ಸಂಖ್ಯೆಗಳನ್ನು ಒಂದೊಂದು ಸ್ಥಾನ ಮುಂದಕ್ಕೆ ಸರಿಸುತ್ತದೆ, ಕೊನೆಯದು ಮೊದಲಿಗೆ ಬರುತ್ತದೆ. ಈ ಲೇಖನದಲ್ಲಿ ಅದನ್ನು ‘ಪ’ ಎಂದು ಗುರುತಿಸಲಾಗಿದೆ. ಅನುಕ್ರಮವನ್ನು ದಾಖಲಿಸಲು ಅದು ಉಪಯುಕ್ತ. ಆದಿತ್ಯ ಜೋಶಿ, ಯೋಹಾನ್ ಹಾಲ್ಸೆತ್ ಮತ್ತು ಕನೆರ್ವ ಅವರು 21 ಯೂರೋಪಿಯನ್ ಭಾಷೆಗಳನ್ನು ಬರಿಯ ಮೂರಕ್ಷರದ ಗುಂಪುಗಳಿಂದ ಗುರುತಿಸಿದ್ದು ಇದರ ನೆರವಿನಿಂದಲೇ. (ಆ ಪ್ರಯೋಗವನ್ನು ಕನ್ನಡಕ್ಕೆ ತರುವವರು ‘ಮೂರಕ್ಷರ’ ಎಂದರೇನೆಂದು ಮೊದಲು ನಿರ್ಧರಿಸಬೇಕು. ಯೂನಿಕೋಡಿನ ಲೆಕ್ಕದಲ್ಲಿ ‘ಕ್ತ’ ಎಂಬ ಒಂದೇ ಅಕ್ಷರವು ಮೂರು ಸಂಕೇತಗಳು.)

ಇಷ್ಟಕ್ಕೂ 10,000 ಆಯಾಮಗಳು ಏಕೆ ಬೇಕು? ಅಷ್ಟು ಉದ್ದದ ಎರಡು ಯಾದೃಚ್ಛಿಕ ಸಾಲುಗಳ ಕೊಸೈನ್ ಸಾದೃಶ್ಯವು ಸೊನ್ನೆಯ ಸುತ್ತ 0.01 ಮಾನಕ ವಿಚಲನೆಯೊಡನೆ ಹರಡಿರುತ್ತದೆ. ಎಂದರೆ, ಕಣ್ಣುಮುಚ್ಚಿ ಎಷ್ಟೇ ಸದಿಶಗಳನ್ನು ಆರಿಸಿಕೊಂಡರೂ ಅವು ಪರಸ್ಪರ ಲಂಬವಾಗಿಯೇ ಇರುತ್ತವೆ ಎಂದು ನಂಬಿ ಮುಂದುವರಿಯಬಹುದು. ಹೊಸ ಪದ ಬಂದಾಗ ಹಳೆಯದನ್ನು ಕದಲಿಸಬೇಕಾಗಿಲ್ಲ, ಮತ್ತೆ ತರಬೇತಿ ನೀಡಬೇಕಾಗಿಲ್ಲ.

3. ಘಟನೆಗಳನ್ನು ಇರಿಸುವುದು

ವಾಕ್ಯ (1) ಈಗ ಹೀಗಾಗುತ್ತದೆ:

ಕರ್ತೃ ⊗ ರವಿ + ಸಂಪ್ರದಾನ ⊗ ಗೌರಿ + ಕರ್ಮ ⊗ ಸಾಲ + ಕ್ರಿಯೆ ⊗ ಕೊಡು

ಇದನ್ನು ‘ಕರ್ತೃ’ವಿನಿಂದ ಗುಣಿಸಿದರೆ ‘ರವಿ’ಯೂ ಮೂರು ಅರ್ಥಹೀನ ಗುಣಲಬ್ಧಗಳೂ ಒಟ್ಟಾಗಿ ಬರುತ್ತವೆ. ಫಲಿತವನ್ನು ಪದಗಳ ಪಟ್ಟಿಯೊಡನೆ ಹೋಲಿಸಿ ಅತಿ ಸಮೀಪದ ಪದವನ್ನು ಆರಿಸಿದರೆ ಉತ್ತರ ದೊರೆಯಿತು. ಕಡೆಯ ಈ ಹಂತಕ್ಕೆ ಶುದ್ಧೀಕರಣವೆಂದು ಹೆಸರು. ವಾಕ್ಯ (2) ಇದಕ್ಕಿಂತ ಸ್ಪಷ್ಟವಾಗಿ ಭಿನ್ನವಾದ ಸದಿಶವನ್ನು ನೀಡುತ್ತದೆ: ನಾಲ್ಕು ಪದಗಳಲ್ಲಿ ಎರಡು ಮಾತ್ರ ಸಮಾನವಾದ್ದರಿಂದ ಇವೆರಡರ ಸಾದೃಶ್ಯ 0.5. ಇನ್ನು ‘ಗೌರಿಗೆ ರವಿ ಸಾಲ ಕೊಟ್ಟನು’ ಎಂದು ಪದಕ್ರಮವನ್ನು ಬದಲಿಸಿದರೆ ಸದಿಶವು ಕಿಂಚಿತ್ತೂ ಬದಲಾಗುವುದಿಲ್ಲ. ಕನ್ನಡದಂತಹ ಭಾಷೆಗೆ ಇದು ಒಪ್ಪುವ ಗುಣ.

ಅನೇಕ ಘಟನೆಗಳನ್ನು ಒಂದೇ ಸದಿಶದಲ್ಲಿ ಕೂಡಿಸುವಾಗ ಎಚ್ಚರ ಬೇಕು. ‘ರವಿ ಬಂದನು, ಗೌರಿ ಹೋದಳು’ ಎಂಬುದನ್ನು ನೇರವಾಗಿ ಕೂಡಿಸಿದರೆ ಇಬ್ಬರು ಕರ್ತೃಗಳೂ ಎರಡು ಕ್ರಿಯೆಗಳೂ ಉಳಿಯುತ್ತವೆ, ಯಾರ ಕ್ರಿಯೆ ಯಾವುದೆಂಬುದು ಮಾತ್ರ ಅಳಿಸಿಹೋಗುತ್ತದೆ. ಜಾಕೆಂಡಾಫ್ ‘ಎರಡರ ಸಮಸ್ಯೆ’ ಎಂದು ಕರೆದದ್ದು ಇದರ ಸೋದರ ರೂಪ. ಪ್ರತಿಯೊಂದು ಘಟನೆಗೂ ಒಂದು ಗುರುತಿನ ಸದಿಶವನ್ನು ನೀಡಿ, ಇಡೀ ಘಟನೆಯನ್ನು ಅದರೊಡನೆ ಬಂಧಿಸಿ, ಆನಂತರ ಕೂಡಿಸುವುದು ಸರಳ ಪರಿಹಾರ.

ಒಂದು ಸದಿಶದಲ್ಲಿ ಎಷ್ಟು ಹಿಡಿಸುತ್ತದೆ? ಒಟ್ಟು 100 ಬಂಧಗಳನ್ನು ಕೂಡಿಸಿದ್ದರೆ, ಬಿಡಿಸಿದಾಗ ಸರಿಯಾದ ಪದದ ಸಾದೃಶ್ಯವು 100ರ ವರ್ಗಮೂಲದ ವಿಲೋಮ, ಅಂದರೆ 0.1 ಆಗಿರುತ್ತದೆ. ಹೋಲಿಸಬೇಕಾದ ಪದಪಟ್ಟಿಯಲ್ಲಿ 10,000 ಪದಗಳಿದ್ದರೆ, ಆಕಸ್ಮಿಕವಾಗಿ ಅತಿ ಹೆಚ್ಚು ಹೋಲುವ ತಪ್ಪು ಪದದ ಸಾದೃಶ್ಯವು 0.04ರ ಆಸುಪಾಸಿನಲ್ಲಿರುತ್ತದೆ. ಅಂತರ ಸಾಕಷ್ಟಿದೆ. 400 ಬಂಧಗಳಿಗೆ ಸರಿಯುತ್ತರದ ಸಾದೃಶ್ಯ 0.05ಕ್ಕೆ ಇಳಿದು ತಪ್ಪುಗಳು ಕಾಣಿಸಿಕೊಳ್ಳತೊಡಗುತ್ತವೆ. 1,000ಕ್ಕೆ ಅದು 0.03ರ ಸಮೀಪಕ್ಕೆ ಬಂದು ಗದ್ದಲದಲ್ಲಿ ಮುಳುಗುತ್ತದೆ. ಘಟನೆಗೆ ಐದು ಬಂಧಗಳೆಂದು ಹಿಡಿದರೆ ಒಂದು ಸದಿಶದಲ್ಲಿ ನೆಮ್ಮದಿಯಾಗಿ ಇರಬಲ್ಲವು ಸುಮಾರು 20 ಘಟನೆಗಳು. ತಿಂಗಳುಗಟ್ಟಲೆ ಮಾತನಾಡುವ ಏಜೆಂಟಿಗೆ ಇಂತಹ ಅನೇಕ ಸದಿಶಗಳು ಬೇಕಾಗುತ್ತವೆ. ಇಡೀ ಬದುಕನ್ನು ಒಂದೇ ಸದಿಶದಲ್ಲಿ ಹಿಡಿದಿಡಬಹುದು ಎಂಬ ಧಾಟಿಯ ಪ್ರಚಾರಕ್ಕೆ ಈ ಸರಳ ಲೆಕ್ಕವೇ ಉತ್ತರ.

ಹಾಗಿದ್ದರೆ ಸಾಮಾನ್ಯ ದತ್ತಾಂಶ ಕೋಷ್ಟಕವೇ ಸಾಲದೇ ಎಂದು ಪ್ರಶ್ನಿಸಬಹುದು. ಅನೇಕ ಸಂದರ್ಭಗಳಲ್ಲಿ ಸಾಕು. ಕರ್ತೃ, ಕರ್ಮ, ಕಾಲ ಎಂಬ ಕಂಬಸಾಲುಗಳಿರುವ ಕೋಷ್ಟಕವು ತಪ್ಪನ್ನೇ ಮಾಡುವುದಿಲ್ಲ. ಸದಿಶ ಸ್ಮೃತಿಯ ಪ್ರಯೋಜನ ತೋರಿಬರುವುದು ಎರಡು ರಚನೆಗಳು ಎಷ್ಟರಮಟ್ಟಿಗೆ ಹೋಲುತ್ತವೆ ಎಂದು ಕೇಳಬೇಕಾದಾಗ. ಕೋಷ್ಟಕದಲ್ಲಿ ಹೌದು ಅಥವಾ ಇಲ್ಲ ಎಂಬ ಉತ್ತರ ಮಾತ್ರ ದೊರೆಯುತ್ತದೆ. ಇಲ್ಲಿ ಪದವೂ ರಚನೆಯೂ ಒಂದೇ ಮಾನದಂಡದಲ್ಲಿ ಅಳೆಯಲ್ಪಡುತ್ತವೆ.

4. ಸ್ಥಾನವೆಂದರೆ ವಿಭಕ್ತಿಯೋ ಕಾರಕವೋ

ಮೇಲಿನ ವಿವರಣೆಯಲ್ಲಿ ‘ಸಂಪ್ರದಾನ’ ಎಂಬ ಹೆಸರನ್ನು ಚರ್ಚೆಯಿಲ್ಲದೆ ಬಳಸಲಾಯಿತು. ಲೈಬ್ರರಿಗೆ ಇದರಿಂದ ತೊಂದರೆಯಿಲ್ಲ, ಅದಕ್ಕೆ ಯಾವ ಯಾದೃಚ್ಛಿಕ ಸಾಲಾದರೂ ಒಂದೇ. ಸ್ಥಾನಗಳು ಎಷ್ಟು ಮತ್ತು ಯಾವುವು ಎಂದು ನಿರ್ಧರಿಸುವ ಕೆಲಸ ಮಾತ್ರ ವೈಯಾಕರಣರ ಪಾಲಿಗೆ ಉಳಿಯುತ್ತದೆ.

ಯಂತ್ರಕ್ಕೆ ಅತಿ ಸುಲಭವಾದ ಮಾರ್ಗವೆಂದರೆ ಪ್ರತ್ಯಯವನ್ನೇ ಸ್ಥಾನವೆಂದು ಭಾವಿಸುವುದು. ಅದು ಎಲ್ಲಿ ಮುಗ್ಗರಿಸುತ್ತದೆ ಎಂಬುದಕ್ಕೆ ‘-ಗೆ’ ಸಾಕು. ‘ರವಿಗೆ ಸಾಲ ಕೊಟ್ಟಳು’, ‘ರವಿಗೆ ಜ್ವರ ಬಂದಿದೆ’, ‘ರವಿಗೆ ಕನ್ನಡ ಬರುತ್ತದೆ’, ‘ರವಿ ಮೈಸೂರಿಗೆ ಹೋದನು’. ಮೊದಲನೆಯದರಲ್ಲಿ ಪಡೆದವನು, ಮುಂದಿನ ಎರಡರಲ್ಲಿ ಅನುಭವಿ, ಕೊನೆಯದರಲ್ಲಿ ಗಮ್ಯಸ್ಥಾನ. ಇದಕ್ಕೆ ವಿರುದ್ಧವಾಗಿ ‘ರವಿಗೆ ಈ ಕೆಲಸ ಇಷ್ಟ’ ಮತ್ತು ‘ರವಿ ಈ ಕೆಲಸವನ್ನು ಇಷ್ಟಪಡುತ್ತಾನೆ’ ಎಂಬ ವಾಕ್ಯಗಳಲ್ಲಿ ವಿಭಕ್ತಿ ಬೇರೆ, ಅನುಭವಿ ಒಬ್ಬನೇ. ವಿಭಕ್ತಿಯನ್ನೇ ಸ್ಥಾನವಾಗಿಸಿದ ಸ್ಮೃತಿಯಲ್ಲಿ ಒಂದು ಬಗೆಯಲ್ಲಿ ದಾಖಲಾದದ್ದನ್ನು ಇನ್ನೊಂದು ಬಗೆಯಲ್ಲಿ ಕೇಳಿದರೆ ಉತ್ತರ ಬರುವುದಿಲ್ಲ. ಎರಡು ಸ್ಥಾನಸದಿಶಗಳು ಲಂಬವಾಗಿರುತ್ತವೆಯಷ್ಟೆ. ಎಸ್. ಎನ್. ಶ್ರೀಧರ್ ಮೊದಲಾದವರು ಕನ್ನಡದ ಚತುರ್ಥೀ ಕರ್ತೃಗಳ ಬಗ್ಗೆ ನಡೆಸಿದ ಚರ್ಚೆ ಇಲ್ಲಿ ನೇರವಾಗಿ ಪ್ರಸ್ತುತವಾಗುತ್ತದೆ.

ಸದಿಶಗಳಲ್ಲಿ ಮೂರನೆಯ ದಾರಿಯೊಂದಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಈ ವಿಧಾನದ ಅತ್ಯಂತ ಆಕರ್ಷಕ ಅಂಶ ಅದೇ. ಸ್ಥಾನವೂ ಒಂದು ಸದಿಶವಾದ್ದರಿಂದ ಎರಡು ಸ್ಥಾನಗಳು ಭಾಗಶಃ ಹೋಲಬಹುದು. ಡೇವಿಡ್ ಡೌಟಿ 1991ರಲ್ಲಿ ಕರ್ತೃತ್ವವನ್ನು ಒಂದು ಅಖಂಡ ವರ್ಗವೆಂದು ಪರಿಗಣಿಸದೆ ಸಂಕಲ್ಪ, ಅರಿವು, ಕಾರಣತ್ವ, ಚಲನೆ ಮುಂತಾದ ಲಕ್ಷಣಗಳ ಗುಚ್ಛವೆಂದು ನೋಡಿದರು. ಪ್ರತಿ ಲಕ್ಷಣಕ್ಕೂ ಒಂದು ಸದಿಶವನ್ನು ನೀಡಿ ಸ್ಥಾನಗಳನ್ನು ಅವುಗಳ ಸಂಕಲನವಾಗಿ ರಚಿಸಬಹುದು. ನಾಲ್ಕು ಲಕ್ಷಣಗಳಲ್ಲಿ ಮೂರು ಸಮಾನವಾಗಿರುವ ಎರಡು ಸ್ಥಾನಗಳ ಸಾದೃಶ್ಯ 0.75 ಆಗುತ್ತದೆ. (ಅವನ್ನು ಮತ್ತೆ +1, −1ಗಳಿಗೆ ಇಳಿಸಿದಾಗ ಈ ಸಂಖ್ಯೆ ಕುಗ್ಗುತ್ತದೆ, ಆದರೆ ಸೊನ್ನೆಯಿಂದ ದೂರವೇ ಉಳಿಯುತ್ತದೆ.) ಆಗ ಕರ್ತೃವನ್ನು ಕೇಳಿದ ಪ್ರಶ್ನೆಗೆ ಅನುಭವಿಯೂ ಮಂದವಾಗಿ ಓಗೊಡುತ್ತಾನೆ. ಇದು ಗುಣವೋ ದೋಷವೋ ಎಂಬುದನ್ನು ಕೆಲಸವೇ ನಿರ್ಧರಿಸಬೇಕು. ಸಾಲದ ಲೆಕ್ಕವಿಡುವ ಏಜೆಂಟಿನಲ್ಲಿ ನಾನು ಇದನ್ನು ಬಳಸಲಾರೆ. ಕಥನಗಳಲ್ಲಿನ ಪಾತ್ರಗಳನ್ನು ಹೋಲಿಸುವ ಕೆಲಸದಲ್ಲಿ ಖಂಡಿತ ಬಳಸುತ್ತೇನೆ.

5. ವರದಿಯ ವರದಿ

ಈಗ ಪ್ರಧಾನ ವಿಷಯಕ್ಕೆ ಬರಬಹುದು.

(3) ರವಿ ಸಾಲ ತೀರಿಸಿದನು.
(4) ರವಿ ಸಾಲ ತೀರಿಸಿದನೆಂದು ಗೌರಿ ಹೇಳಿದಳು.
(5) ರವಿ ಸಾಲ ತೀರಿಸಿದನೆಂದು ಗೌರಿ ಹೇಳಿದಳೆಂದು ಮಾಲತಿ ಹೇಳಿದಳು.

ಏಜೆಂಟಿನ ಬಳಕೆದಾರರು (3)ನ್ನು ಹೇಳಿದರೆ ಅದು ಅವರದೇ ಹೇಳಿಕೆ. (4)ರಲ್ಲಿ ಹೊಣೆ ಗೌರಿಯದು. (5)ರಲ್ಲಿ ಗೌರಿ ಹಾಗೆ ಹೇಳಿದಳೆಂಬುದಕ್ಕೂ ಮಾಲತಿಯೇ ಹೊಣೆ. ರವಿಯ ಸಾಲ ತೀರಿದೆಯೇ ಎಂದು ಆನಂತರ ಕೇಳಿದಾಗ ಈ ಮೂರಕ್ಕೂ ಒಂದೇ ಉತ್ತರ ಬರಕೂಡದು.

ವಾಕ್ಯ (3)ರ ಸದಿಶವನ್ನು ‘ಘ’ ಎನ್ನೋಣ:

ಘ = ಕರ್ತೃ ⊗ ರವಿ + ಕ್ರಿಯೆ ⊗ ತೀರಿಸು + ಕರ್ಮ ⊗ ಸಾಲ

‘ಹೇಳು’ ಎಂಬ ಕ್ರಿಯೆಗೆ ಉಪವಾಕ್ಯವೇ ಕರ್ಮ ಎಂಬ ಸಾಂಪ್ರದಾಯಿಕ ವಿಶ್ಲೇಷಣೆಯನ್ನು ಒಪ್ಪಿದರೆ (4) ಹೀಗಾಗುತ್ತದೆ:

ಕರ್ತೃ ⊗ ಗೌರಿ + ಕ್ರಿಯೆ ⊗ ಹೇಳು + ಕರ್ಮ ⊗ ಘ

ಇದಕ್ಕೂ ‘ಘ’ಕ್ಕೂ ಇರುವ ಸಾದೃಶ್ಯ ಹೆಚ್ಚುಕಡಿಮೆ ಸೊನ್ನೆ. ‘ರವಿ ಸಾಲ ತೀರಿಸಿದನೇ’ ಎಂದು ಕೇಳಿದರೆ ಸ್ಮೃತಿಯು ಹೌದೆನ್ನುವುದಿಲ್ಲ. ಗೌರಿ ಏನು ಹೇಳಿದಳೆಂದು ಕೇಳಿದರೆ ಮಾತ್ರ ‘ಘ’ ಹೊರಬರುತ್ತದೆ. ಇದು ಸರಿಯಾದ ನಡವಳಿಕೆ. ಆದರೂ ಒಂದು ಅಪಶಕುನ ಇಲ್ಲಿಯೇ ಇದೆ. ‘ಕರ್ಮ ⊗ ಘ’ವನ್ನು ಬಿಡಿಸಿ ಬರೆದರೆ ಅದರಲ್ಲಿ ‘ಕರ್ಮ ⊗ ಕರ್ಮ ⊗ ಸಾಲ’ ಎಂಬ ಪದವಿದೆ. ಕರ್ಮವನ್ನು ಕರ್ಮದಿಂದ ಗುಣಿಸಿದರೆ ಎಲ್ಲವೂ +1, ಆದ್ದರಿಂದ ಉಳಿಯುವುದು ಸ್ಥಾನವೇ ಇಲ್ಲದ ‘ಸಾಲ’.

(5)ರಲ್ಲಿ ಇದೇ ರದ್ದತಿಯು ಇಡೀ ವಾಕ್ಯಕ್ಕೆ ವ್ಯಾಪಿಸುತ್ತದೆ. ಹೊರಗಿನ ‘ಕರ್ಮ’ ಮತ್ತು ಒಳಗಿನ ‘ಕರ್ಮ’ ಒಂದನ್ನೊಂದು ಅಳಿಸುವುದರಿಂದ ‘ಕರ್ಮ ⊗ ಕರ್ಮ ⊗ ಘ’ ಎಂಬುದು ಬರಿಯ ‘ಘ’ ಆಗಿ ಉಳಿಯುತ್ತದೆ. ಪೂರ್ತಿ ಬರೆದರೆ (5)ರ ಸದಿಶ ಇದು:

ಕರ್ತೃ ⊗ ಮಾಲತಿ + ಕ್ರಿಯೆ ⊗ ಹೇಳು + ಕರ್ಮ ⊗ ಕರ್ತೃ ⊗ ಗೌರಿ + ಕರ್ಮ ⊗ ಕ್ರಿಯೆ ⊗ ಹೇಳು + ಕರ್ತೃ ⊗ ರವಿ + ಕ್ರಿಯೆ ⊗ ತೀರಿಸು + ಕರ್ಮ ⊗ ಸಾಲ

ಕೊನೆಯ ಮೂರು ಪದಗಳು ಯಾವ ಆವರಣವೂ ಇಲ್ಲದೆ ಪ್ರಧಾನ ವಾಕ್ಯದ ಮಟ್ಟಕ್ಕೆ ಏರಿವೆ. ಒಟ್ಟು ಏಳರಲ್ಲಿ ಮೂರು ಪದಗಳು ‘ಘ’ದೊಡನೆ ಸಮಾನ, ಸಾದೃಶ್ಯ 0.65. ಒಬ್ಬರ ಬಾಯಿಂದ ಬಂದ ವರದಿಗೆ ಸೊನ್ನೆಯಿದ್ದದ್ದು ಇಬ್ಬರ ಬಾಯಿ ದಾಟಿದಾಗ 0.65 ಆಯಿತು. ಗಾಳಿಮಾತು ಸಾಕ್ಷಿಯ ಕಟಕಟೆಯನ್ನು ಏರಿದೆ. ಇನ್ನೊಬ್ಬರನ್ನು ಸೇರಿಸಿ ಮೂರು ಹಂತಗಳ ವರದಿಯನ್ನು ರಚಿಸಿದರೆ ‘ಘ’ಕ್ಕೆ ಒಂದೇ ‘ಕರ್ಮ’ ಉಳಿದು ಸಾದೃಶ್ಯವು ಮತ್ತೆ ಸೊನ್ನೆಗೆ ಇಳಿಯುತ್ತದೆ, ಆದರೆ ಈಗ ‘ಘ’ವು ಎಲ್ಲರಿಗಿಂತ ಹೊರಗಿನ ವಕ್ತೃವಿನ ನೇರ ಮಾತಿನಂತೆ ಕಾಣುತ್ತದೆ. ನಾಲ್ಕಕ್ಕೆ ಮತ್ತೆ ಖಚಿತ ಹೇಳಿಕೆ. ಅಧೀನತೆಯ ಆಳವನ್ನು ಈ ಸ್ಮೃತಿಯು ಸಮ ಅಥವಾ ಬೆಸ ಎಂದಷ್ಟೇ ಎಣಿಸುತ್ತದೆ.

ಇದು ಲೈಬ್ರರಿಯ ದೋಷವಲ್ಲ, ಅದು ಹೇಳಿದ್ದನ್ನೇ ಮಾಡುತ್ತದೆ. ಗದ್ದಲದ ಫಲವೂ ಅಲ್ಲ: ಆಯಾಮಗಳನ್ನು 10,000ದಿಂದ 10,00,000ಕ್ಕೆ ಏರಿಸಿದರೂ ಈ 0.65 ಕದಲುವುದಿಲ್ಲ, ಏಕೆಂದರೆ ಅದು ಸಂಖ್ಯಾಶಾಸ್ತ್ರದಿಂದ ಬಂದದ್ದಲ್ಲ, ಬೀಜಗಣಿತದಿಂದ ಬಂದದ್ದು. ತಾನೇ ತನ್ನ ವಿಲೋಮವಾಗಿರುವ ಯಾವ ಬಂಧನಕ್ರಿಯೆಯಲ್ಲೂ, ಕನೆರ್ವ ಅವರ 0–1 ವ್ಯವಸ್ಥೆಯೂ ಸೇರಿದಂತೆ, ಇದು ಸಂಭವಿಸುತ್ತದೆ. ಬಿಡಿಸುವುದನ್ನು ಸುಲಭಗೊಳಿಸಿದ ಗುಣವೇ ಪುನರಾವೃತ್ತ ರಚನೆಯನ್ನು ಕೆಡಿಸುತ್ತಿದೆ.

ಪರಿಹಾರಗಳು ಎರಡು. ಮೊದಲನೆಯದು ವ್ಯವಸ್ಥೆಯನ್ನೇ ಬದಲಿಸುವುದು. ಪ್ಲೇಟ್ ಅವರ ಕಾನ್ವಲ್ಯೂಷನ್‌ನಲ್ಲಿ ಒಂದೇ ಸ್ಥಾನದೊಡನೆ ಎರಡು ಬಾರಿ ಬಂಧಿಸಿದರೆ ಮೂಲ ಮರಳುವುದಿಲ್ಲ. ಟಾರ್ಚ್‌ಎಚ್‌ಡಿಯಲ್ಲಿ ಇದಕ್ಕೆ ಬೇಕಾದುದು ಒಂದು ಪದದ ಬದಲಾವಣೆ. ಆದರೆ ಅಲ್ಲಿಯೂ ಬಂಧನವು ಪರಿವರ್ತನೀಯ. ಆದ್ದರಿಂದ ‘ಕರ್ಮದೊಳಗಿನ ಕರ್ತೃ’ ಮತ್ತು ‘ಕರ್ತೃವಿನೊಳಗಿನ ಕರ್ಮ’ ಒಂದೇ ಆಗುತ್ತವೆ. ‘ರವಿ ಹೇಳಿದ್ದು ಎಲ್ಲರಿಗೂ ತಿಳಿದಿದೆ’ ಎಂಬಂತೆ ಉಪವಾಕ್ಯಗಳು ಕರ್ಮಸ್ಥಾನದ ಹೊರಗೂ ಬರುವ ಭಾಷೆಯಲ್ಲಿ ಇದನ್ನು ಕಡೆಗಣಿಸುವಂತಿಲ್ಲ.

ಎರಡನೆಯದು ಉಪವಾಕ್ಯದ ಗಡಿಯನ್ನು ಪಲ್ಲಟದಿಂದ ಗುರುತಿಸುವುದು. ‘ಕರ್ಮ ⊗ ಘ’ ಎನ್ನುವ ಬದಲು ‘ಕರ್ಮ ⊗ ಪ(ಘ)’ ಎಂದು ಬರೆಯಬೇಕು. ಆಗ ಎರಡು ಹಂತಗಳ ವರದಿಯು ‘ಕರ್ಮ ⊗ ಪ(ಕರ್ಮ) ⊗ ಪ(ಪ(ಘ))’ ಆಗುತ್ತದೆ. ‘ಕರ್ಮ’ಕ್ಕೂ ‘ಪ(ಕರ್ಮ)’ಕ್ಕೂ ಹೋಲಿಕೆಯಿಲ್ಲದ ಕಾರಣ ರದ್ದತಿ ಸಾಧ್ಯವಿಲ್ಲ, ಸ್ಥಾನಗಳ ಕ್ರಮವೂ ಉಳಿಯುತ್ತದೆ. ಕನ್ನಡದ ‘ಎಂದು’ ಮಾಡುವ ಕೆಲಸವನ್ನೇ ಇಲ್ಲಿ ‘ಪ’ ಮಾಡುತ್ತಿದೆ. ತೆರಬೇಕಾದ ಬೆಲೆಯೆಂದರೆ, ‘ಯಾರಾದರೂ ಹೀಗೆ ಹೇಳಿದ್ದಾರೆಯೇ’ ಎಂಬ ಪ್ರಶ್ನೆಗೆ ಪ್ರತಿ ಆಳವನ್ನೂ ಪ್ರತ್ಯೇಕವಾಗಿ ಬಿಡಿಸಿ ನೋಡಬೇಕು. ಆಡುಮಾತಿನಲ್ಲಿ ಮೂರು ಹಂತಗಳನ್ನು ಮೀರುವ ವರದಿಗಳು ವಿರಳವಾದ್ದರಿಂದ ಇದು ಭಾರವಾಗದು. ನಾನು ಶಿಫಾರಸು ಮಾಡುವುದು ಇದನ್ನೇ.

6. ‘ಅಂತೆ’ಯ ಸ್ಥಾನ

ವರದಿಗೆ ಕನ್ನಡದಲ್ಲಿ ಇನ್ನೊಂದು ಮಾರ್ಗವಿದೆ: ‘ರವಿ ಸಾಲ ತೀರಿಸಿದನಂತೆ’. (ಹೋಲಿಕೆಯ ‘ಅಂತೆ’ ಇಲ್ಲಿ ಅಪ್ರಸ್ತುತ.) ಅಲೆಕ್ಸಾಂಡ್ರಾ ಐಖೆನ್ವಾಲ್ಡ್ ಅವರ 2004ರ ಗ್ರಂಥದ ಪರಿಭಾಷೆಯಲ್ಲಿ ಇದು ಮೂಲವನ್ನು ಹೆಸರಿಸದ ವರದಿಸೂಚಕ. ಇದನ್ನು ಕರ್ತೃವಿಲ್ಲದ ‘ಹೇಳು’ ವಾಕ್ಯವೆಂದು ಭಾವಿಸಿ (4)ರಂತೆಯೇ ಒಳಗಿರಿಸಬೇಕೇ, ಅಥವಾ ‘ಘ’ವನ್ನು ಪ್ರಧಾನ ಮಟ್ಟದಲ್ಲಿಯೇ ಉಳಿಸಿ ‘ಆಧಾರ ⊗ ವರದಿ’ ಎಂಬ ಬಂಧವೊಂದನ್ನು ಅದಕ್ಕೆ ಕೂಡಿಸಬೇಕೇ?

ಎರಡನೆಯದೇ ಕನ್ನಡಕ್ಕೆ ಹತ್ತಿರವೆಂದು ತೋರುತ್ತದೆ. ‘ಎಂದು ಹೇಳಿದಳು’ ಎಂಬುದನ್ನು ನಿಷೇಧಿಸಿ ‘ಎಂದು ಹೇಳಲಿಲ್ಲ’ ಎನ್ನಬಹುದು. ‘ಅಂತೆ’ಯನ್ನು ಹಾಗೆ ನಿಷೇಧಿಸಲಾಗದು: ‘ತೀರಿಸಲಿಲ್ಲವಂತೆ’ ಎಂದಾಗ ನಿಷೇಧ ಬೀಳುವುದು ತೀರಿಸುವಿಕೆಯ ಮೇಲೆ, ‘ತೀರಿಸಿದನಂತಲ್ಲ’ ಎಂದರೆ ನಿಷೇಧವೇ ಅಲ್ಲ. ‘ಎಂದು’ವನ್ನು ಒಂದರೊಳಗೊಂದು ಹೆಣೆಯಬಹುದು, ‘ಅಂತೆ’ಯ ಮೇಲೆ ‘ಅಂತೆ’ ಬರುವುದಿಲ್ಲ. ಎಷ್ಟು ಬಾಯಿಗಳನ್ನು ದಾಟಿ ಬಂದ ಸುದ್ದಿಯಾದರೂ ಒಂದೇ ‘ಅಂತೆ’ ಸಾಕು. ಪುನರಾವೃತ್ತಿಯಿಲ್ಲದ ಕಡೆ ಪಲ್ಲಟವೂ ಬೇಕಾಗಿಲ್ಲ. ಇಂತಹ ಘಟನೆಯು ‘ಘ’ದೊಡನೆ 0.87ರಷ್ಟು ಹೋಲುತ್ತದೆ (ನಾಲ್ಕರಲ್ಲಿ ಮೂರು ಪದಗಳು ಸಮಾನ), ಮತ್ತು ‘ಆಧಾರ’ದಿಂದ ಗುಣಿಸಿದರೆ ‘ವರದಿ’ ಎಂದು ಉತ್ತರಿಸುತ್ತದೆ. ಏಜೆಂಟ್ ಆಗ ‘ತೀರಿಸಿದನು’ ಎನ್ನದೆ ‘ತೀರಿಸಿದನಂತೆ’ ಎಂದು ಮರುನುಡಿಯಬಲ್ಲದು.

ಯಾದೃಚ್ಛಿಕ ಸದಿಶಗಳಿಗೆ ಅರ್ಥಸಾಮೀಪ್ಯ ತಿಳಿಯದು; ‘ತೀರಿಸು’ ಮತ್ತು ‘ಮರುಪಾವತಿಸು’ ಅವುಗಳಿಗೆ ಪರಸ್ಪರ ಅಪರಿಚಿತ. ವಾಕ್ಯವನ್ನು ಸ್ಥಾನಗಳಾಗಿ ವಿಶ್ಲೇಷಿಸುವ ಕೆಲಸವೂ ಸ್ಮೃತಿಗಿಂತ ಮೊದಲೇ ನಡೆಯಬೇಕು. ಅದನ್ನು ಸದ್ಯಕ್ಕೆ ಭಾಷಾ ಮಾದರಿಯೇ ಮಾಡಬೇಕಾಗುತ್ತದೆ, ಅಲ್ಲಿ ನುಸುಳಿದ ತಪ್ಪನ್ನು ಯಾವ ಬಂಧನವೂ ತಿದ್ದಲಾರದು. ಆದ್ದರಿಂದ ಇಂತಹ ಸ್ಮೃತಿಯನ್ನು ಪರೀಕ್ಷಿಸುವವರು ವಿಶ್ಲೇಷಣೆಯನ್ನು ಕೈಯಿಂದಲೇ ಒದಗಿಸಿ, ಸ್ಮೃತಿಯನ್ನು ಮಾತ್ರ ಪ್ರತ್ಯೇಕವಾಗಿ ಅಳೆಯುವುದು ಒಳಿತು. ಅದಕ್ಕೆ ದೊಡ್ಡ ದತ್ತಾಂಶವೇನೂ ಬೇಕಿಲ್ಲ. ಒಂದೇ ಘಟನೆಯ ಐದು ವಾಕ್ಯಗಳು ಸಾಕು: ವರದಿಯಿಲ್ಲದ್ದು, ಒಂದು, ಎರಡು ಮತ್ತು ಮೂರು ಹಂತಗಳ ‘ಎಂದು’, ಹಾಗೂ ‘ಅಂತೆ’. ಐದನ್ನೂ ಬೇರೆ ಬೇರೆ ಸ್ಮೃತಿಗಳಲ್ಲಿ ಇರಿಸಿ ‘ರವಿಯ ಸಾಲ ತೀರಿದೆಯೇ’ ಎಂಬ ಒಂದೇ ಪ್ರಶ್ನೆಯನ್ನು ಕೇಳಬೇಕು. ಎರಡು ಹಂತಗಳ ವಾಕ್ಯಕ್ಕೆ ಬಂದ ಉತ್ತರವನ್ನು ಒಂದು ಹಂತದ್ದರೊಡನೆ ಹೋಲಿಸಿ ನೋಡಿದರೆ ಬಂಧನದಲ್ಲಿ ಇಂತಹ ರದ್ದತಿ ನಡೆಯುತ್ತಿದೆಯೇ ಎಂಬುದು ಸಂಕೇತಪಠ್ಯವನ್ನು ತೆರೆಯದೆಯೇ ತಿಳಿಯುತ್ತದೆ.